ಸೊಂಟದವರೆಗಿನ ಬೆಳಕು

2006ನೇ ಇಸವಿ. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರು ರಸ್ತೆಯಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಿಂದ ಸ್ವಲ್ಪ ಮುಂದೆ, ನನ್ನ ಆಟೋ ಎಲೆಕ್ಟ್ರಿಕಲ್ ವರ್ಕ್‌ಶಾಪ್ ಇತ್ತು. ಡಿಪ್ಲೊಮಾ ಮುಗಿಸಿ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ವೈರಿಂಗ್ ಕೆಲಸ ಮಾಡಿದ್ದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಿಗೆ ಇನ್ನೊಬ್ಬರ ಕೈಕೆಳಗೆ ದುಡಿಯುವುದು ಒಗ್ಗಲಿಲ್ಲ. ಹೊರಗೆ ಬಂದು ಸ್ವಂತಕ್ಕೊಂದು ಶೆಡ್ ಹಾಕಿಕೊಂಡೆ.

ನಮ್ಮ ಸುತ್ತಲಿನ ರಸ್ತೆಗಳು ಕಣ್ಣೆದುರೇ ಬದಲಾಗುತ್ತಿದ್ದ ಕಾಲ ಅದು. ಬಿಡದಿ, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದು, ಶಿಫ್ಟಿಗೆ ಜನರನ್ನು ಕರೆದೊಯ್ಯುವ ಗಾಡಿಗಳು ಹೆಚ್ಚಾಗಿದ್ದವು. ಮರಳು ಲಾರಿಗಳ ಮಾತಂತೂ ಕೇಳಲೇಬೇಡಿ. ಎದುರು ಬರುವವನ ಕಣ್ಣು ಕುಕ್ಕಿದರೇ ತನ್ನ ಲೈಟು ಚೆನ್ನಾಗಿದೆ ಎಂದು ಬೀಗುವವರು ಬಹಳ. "ಅಣ್ಣಾ, ಲೈಟು ಒಸಿ ನೀಲಿ ಹೊಡೀಬೇಕು" ಎಂದು ಬರುವ ಗಿರಾಕಿಗಳನ್ನು ಬೈದು ಕಳಿಸುತ್ತಿದ್ದೆ. ನನಗೆ ಹುಚ್ಚು ಹಿಡಿಸಿದ್ದು ಪ್ರೊಜೆಕ್ಟರ್ ಹೆಡ್‌ಲೈಟು.

ಅದೇನೆಂದು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಳೆಯ ಹೆಡ್‌ಲೈಟಿನಲ್ಲಿ ಬಲ್ಬಿನ ಹಿಂದೆ ಹೊಳೆಯುವ ಒಂದು ಬಟ್ಟಲು ಇರುತ್ತದೆ. ಅದು ಬೆಳಕನ್ನು ಮುಂದಕ್ಕೆ ಚೆಲ್ಲುತ್ತದೆ, ಜೊತೆಗೆ ಒಂದಿಷ್ಟನ್ನು ಮೇಲಕ್ಕೂ ಪಕ್ಕಕ್ಕೂ ಪೋಲು ಮಾಡುತ್ತದೆ. ಪ್ರೊಜೆಕ್ಟರಿನಲ್ಲಿ ಮುಂದೆ ದಪ್ಪ ಗಾಜಿನ ಲೆನ್ಸ್, ಒಳಗೆ ಒಂದು ಸಣ್ಣ ತಗಡು. ಆ ತಗಡು ಮೇಲಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ಗೋಡೆಯ ಮುಂದೆ ನಿಲ್ಲಿಸಿ ನೋಡಿದರೆ ಕೆಳಗೆ ಹಾಲಿನಂಥ ಬೆಳಕು, ಮೇಲೆ ಕತ್ತಲು, ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಗೆರೆ. ಅದಕ್ಕೆ ಕಟ್‌ಆಫ್ ಎನ್ನುತ್ತಾರೆ. ಎದುರಿನವನ ಕಣ್ಣು ಆ ಗೆರೆಗಿಂತ ಮೇಲೆ ಉಳಿಯುತ್ತದೆ, ರಸ್ತೆ ಪೂರ್ತಿ ಗೆರೆಯ ಕೆಳಗೆ. ಇದಕ್ಕಿಂತ ಮರ್ಯಾದಸ್ಥ ಲೈಟು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಆಗ ಹೊಸ ಪ್ರೊಜೆಕ್ಟರ್ ನಮ್ಮ ಕೈಗೆಟುಕುವ ವಸ್ತುವಲ್ಲ. ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಅಪಘಾತವಾದ ವಿದೇಶಿ ಕಾರುಗಳ ಲೈಟುಗಳನ್ನು ಹುಡುಕಿ ತರುತ್ತಿದ್ದೆ. ನಮ್ಮ ಗಾಡಿಯ ಹೆಡ್‌ಲೈಟಿನ ಗಾಜು ಬಿಡಿಸಬೇಕಾದರೆ ಅದರ ಅಂಟು ಬಿಸಿಯಾಗಿ ಮೆತ್ತಗಾಗಬೇಕು. ಮೊದಮೊದಲು ಪಕ್ಕದ ಬೇಕರಿಯವರನ್ನು ಕಾಡಿಸಿ ಅವರ ಓವನ್ನಿನಲ್ಲೇ ಇಡುತ್ತಿದ್ದೆ. ಒಂದು ದಿನ ಬನ್ನಿಗೆಲ್ಲ ರಬ್ಬರಿನ ವಾಸನೆ ಹಿಡಿದು, ಬೇಕರಿಯಾತ ನನ್ನ ವಂಶವನ್ನೆಲ್ಲ ಜಾಲಾಡಿದ. ಆಮೇಲೆ ತಗಡಿನ ಡಬ್ಬಕ್ಕೆ ಹೀಟರ್ ಕಾಯಿಲ್ ಹಾಕಿ ನನ್ನದೇ ಒಲೆ ಮಾಡಿಕೊಂಡೆ.

ಶಿವಣ್ಣ ಬಂದದ್ದು ಆ ವರ್ಷದ ರಾಗಿ ಕೊಯ್ಲಿನ ಹೊತ್ತಿಗೆ. ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯವನು, ನಲವತ್ತರ ಆಸುಪಾಸು. ತನ್ನ ಸ್ವಂತ ಮ್ಯಾಕ್ಸಿ ಕ್ಯಾಬಿನಲ್ಲಿ ಊರಿನ ಹಾಗೂ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ಹಾರೋಹಳ್ಳಿ ಕಡೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಬೆಳಿಗ್ಗೆ ಬಿಟ್ಟು ಸಂಜೆ ವಾಪಸ್ಸು ತರುತ್ತಿದ್ದ. ಲಾರಿಗಳ ಬೆಳಕಿಗೆ ಕಣ್ಣು ಕತ್ತಲೆಗಟ್ಟಿ ಒಂದು ಸಂಜೆ ಗಾಡಿ ಮೋರಿಯ ಅಂಚಿಗೆ ಹೋಗಿ ನಿಂತಿತ್ತಂತೆ. "ಅಣ್ಣಾ, ಇನ್ನೊಬ್ರ ಎಣ್ಮಕ್ಳು ಗಾಡೀಲವ್ರೆ. ನಂಗೆ ರಸ್ತೆ ಕಾಣ್ಬೇಕು ಅಷ್ಟೇ" ಎಂದ.

ನನ್ನ ಬಳಿ ಇದ್ದ ಜೋಡಿ, ಗಾಡಿಗಳು ರಸ್ತೆಯ ಬಲಬದಿಗೆ ಓಡುವ ದೇಶದ ಕಾರಿನದು. ಅದರ ಕಟ್‌ಆಫ್ ಗೆರೆ ಬಲಗಡೆಗೆ ಸ್ವಲ್ಪ ಮೇಲೇರುತ್ತಿತ್ತು. ಎಡಬದಿಗೆ ಓಡುವ ನಮ್ಮ ರಸ್ತೆಯಲ್ಲಿ ಅದು ನೇರ ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಹಾಗಾಗಿ ಒಳಗಿನ ತಗಡನ್ನು ತೆಗೆದು ನೇರ ಅಂಚಿನ ತಗಡು ಕೂರಿಸಿದೆ. ಇಪ್ಪತ್ತೈದು ಅಡಿ ದೂರದ ಗೋಡೆಯ ಮೇಲೆ ಟೇಪ್ ಹಚ್ಚಿ, ಸ್ಕ್ರೂ ತಿರುಗಿಸುತ್ತಾ ಎರಡೂ ಲೈಟಿನ ಗೆರೆಯನ್ನು ಒಂದಕ್ಕೊಂದು ಕೂಡಿಸಿದೆ. ಅಷ್ಟು ನೀಟಾದ ಗೆರೆ ನನ್ನ ಗೋಡೆಯ ಮೇಲೆ ಅದಕ್ಕೆ ಮುಂಚೆ ಬಿದ್ದಿರಲಿಲ್ಲ. ಶಿವಣ್ಣ ಅದನ್ನು ನೋಡಿ "ಸಿನಿಮಾ ಇದ್ದಂಗೈತೆ ಕಣಣ್ಣೋ" ಎಂದು ನಕ್ಕು ಹೋದ.

ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ನಾನು ಶೆಡ್ ಬಾಗಿಲು ತೆಗೆಯುವ ಮೊದಲೇ ಅವನ ಗಾಡಿ ಬಂದು ನಿಂತಿತ್ತು. ಆ ಹೊತ್ತಿನಲ್ಲಿ ಅದು ಫ್ಯಾಕ್ಟರಿ ದಾರಿಯಲ್ಲಿರಬೇಕಿತ್ತು. ಶಿವಣ್ಣ ಸ್ಟೀರಿಂಗ್ ಮುಂದೆಯೇ ಕೂತಿದ್ದ, ಇಳಿಯಲಿಲ್ಲ.

"ಈ ಲೈಟ್ ಬಿಚ್ಬುಡಿ ಅಣ್ಣ. ಮಕ ಕಾಣಕಿಲ್ಲ."

ಯಾರ ಮುಖ ಎಂದು ಕೇಳಿದೆ. ಆಗ ಅವನು ತನ್ನ ಕೆಲಸದ ಒಂದು ಕಟ್ಟಳೆಯನ್ನು ಹೇಳಿದ. ಸಂಜೆ ಒಬ್ಬೊಬ್ಬ ಹುಡುಗಿಯೂ ಇಳಿಯುವ ತಿರುವಿನಲ್ಲಿ ಅಪ್ಪನೋ ಅಮ್ಮನೋ ಅಣ್ಣನೋ ಬಂದು ಕಾಯುತ್ತಾರೆ. ಅಲ್ಲಿ ಬೀದಿದೀಪವಿಲ್ಲ. ಬಂದವರ ಮುಖವನ್ನು ಹೆಡ್‌ಲೈಟಿನ ಬೆಳಕಿನಲ್ಲಿ ತಾನು ಕಣ್ಣಾರೆ ನೋಡದೆ ಶಿವಣ್ಣ ಗಾಡಿಯ ಬಾಗಿಲು ತೆಗೆಯುವುದಿಲ್ಲ. ಮೊದಲ ದಿನವೇ ಎಲ್ಲ ಮನೆಗಳಿಗೂ ಹೋಗಿ ಕೊಟ್ಟ ಮಾತು ಅದು. ಆ ಮಾತಿನ ಮೇಲೆಯೇ ಆ ಹಳ್ಳಿಗಳ ಹೆಣ್ಣುಮಕ್ಕಳು ಮೊದಲ ಬಾರಿಗೆ ಫ್ಯಾಕ್ಟರಿ ಕೆಲಸಕ್ಕೆ ಹೊರಟಿದ್ದರು.

ಹಳೆಯ ಲೈಟು ಮೇಲಕ್ಕೆ ಪೋಲು ಮಾಡುತ್ತಿದ್ದ ಬೆಳಕಿನಲ್ಲಿ ಆ ಮುಖಗಳು ಕಾಣುತ್ತಿದ್ದವು. ನನ್ನ ಪ್ರೊಜೆಕ್ಟರಿನಲ್ಲಿ ಕಾಣುವುದು ಸೊಂಟದವರೆಗೆ ಮಾತ್ರ. ಪಂಚೆ, ಲುಂಗಿ, ಸೀರೆಯ ಅಂಚು, ಚಪ್ಪಲಿ. ಆ ವಾರವೆಲ್ಲ ಅವನು ಕಾಲು ನೋಡಿಯೇ ಗುರುತು ಹಿಡಿಯುತ್ತಿದ್ದನಂತೆ.

ಹಿಂದಿನ ಸಂಜೆ ಅದು ಕೈಕೊಟ್ಟಿತ್ತು. ಶೋಭಾ ಎಂಬ ಹತ್ತೊಂಬತ್ತರ ಹುಡುಗಿ ಇಳಿಯುವ ತಿರುವಿನಲ್ಲಿ ಕೆಂಪು ಚೌಕಳಿಯ ಲುಂಗಿ ಕಂಡಿತು. ಅವಳ ಅಪ್ಪ ಮರಿಗೌಡರು ದಿನಾ ಉಡುವುದು ಅಂಥದ್ದೇ. "ಅಪ್ಪ ನಿಂತವ್ರೆ" ಎಂದು ಅವಳೂ ಹೇಳಿದಳು. ಶಿವಣ್ಣ ಬಾಗಿಲು ತೆಗೆದ, ಅವಳು ಇಳಿದಳು, ಗಾಡಿ ಮುಂದೆ ಹೋಯಿತು. ಅಲ್ಲಿ ನಿಂತಿದ್ದವನು ಬಸ್ಸಿಗೆ ಕಾಯುತ್ತಿದ್ದ ಯಾರೋ ಪರವೂರಿನವನು. ಪಾಪ, ಅವನೇನೂ ಮಾಡಲಿಲ್ಲ. ಆದರೆ ಗುರುತಿಲ್ಲದವನ ಜೊತೆ ಕತ್ತಲಲ್ಲಿ ನಿಲ್ಲಲು ಹೆದರಿದ ಶೋಭಾ ಒಬ್ಬಳೇ ಮನೆಯ ಕಡೆ ಹೆಜ್ಜೆ ಹಾಕಿದಳು. ಅವತ್ತು ರಾಗಿ ಹೊಲಕ್ಕೆ ಆನೆಗಳು ಬಿದ್ದಿದ್ದವು. ಮರಿಗೌಡರಿಗೆ ತಡವಾಗಿದ್ದೂ ಅದಕ್ಕೇ, ಸುತ್ತು ಹಾದಿಯಲ್ಲಿ ಬರುತ್ತಿದ್ದರು. ಮುಂದೆ ಆನೆ ಓಡಿಸುವ ಪಟಾಕಿ ಸದ್ದು, ಕೂಗಾಟ ಕೇಳಿದ್ದೇ ಶೋಭಾ ಹೊಲದ ಪಂಪ್‌ಹೌಸ್ ಒಳಗೆ ಸೇರಿ ಕದ ಹಾಕಿಕೊಂಡಳು. ಅಪ್ಪ ತಿರುವಿಗೆ ಬಂದಾಗ ಮಗಳೂ ಇಲ್ಲ, ಗಾಡಿಯೂ ಇಲ್ಲ. ಊರೆಲ್ಲ ಹುಡುಕಾಡಿ, ಕೊನೆಗೆ ಅಪ್ಪನ ದನಿ ಕೇಳಿ ಅವಳೇ ಕದ ತೆಗೆದು ಹೊರಬಂದಳು.

"ಮಗಾ ಚೆನ್ನಾಗೈತೆ, ದೇವ್ರು ದೊಡ್ಡೋನು" ಎಂದ ಶಿವಣ್ಣ. "ಆದ್ರೆ ಇವತ್ತು ಒಬ್ಳೇ ಒಬ್ಳೂ ಗಾಡಿ ಅತ್ಲಿಲ್ಲ ಅಣ್ಣ. ಇನ್ನು ಯಾರ್ನೂ ಕಳಿಸಕಿಲ್ಲ ಅಂದ್ಬುಟ್ರು."

ಲೈಟು ಬಿಚ್ಚುವುದು ಅರ್ಧ ದಿನದ ಕೆಲಸ. ಬಿಚ್ಚಿದರೆ ಮತ್ತೆ ಅದೇ ಲಾರಿ, ಅದೇ ಮೋರಿ. ಬಿಚ್ಚದಿದ್ದರೆ ಮುಖ ಕಾಣುವುದಿಲ್ಲ. ಮೊದಲು ನಾನು ಆ ತಿರುವನ್ನು ನೋಡಬೇಕು ಎಂದು ಹೇಳಿ, ಸಂಜೆ ಅವನ ಪಕ್ಕದ ಸೀಟಿನಲ್ಲಿ ಕೂತು ದೊಡ್ಡಆಲಹಳ್ಳಿಗೆ ಹೋದೆ.

ಕತ್ತಲಾಗುವ ಹೊತ್ತಿಗೆ ಮರಿಗೌಡರು, ಅವರ ಹೆಂಡತಿ ಚಿಕ್ಕತಾಯಮ್ಮ, ಮಗಳು ಶೋಭಾ, ಇನ್ನೂ ನಾಲ್ಕಾರು ಮನೆಯವರು ಶಿವಣ್ಣ ಹೇಳಿಕಳಿಸಿದ್ದರಿಂದ ತಿರುವಿನಲ್ಲಿ ಸೇರಿದ್ದರು. ಗಾಡಿ ಹತ್ತಿರವಾದಂತೆ ನನಗೆ ಕಂಡದ್ದು ಸಾಲಾಗಿ ನಿಂತ ಕಾಲುಗಳು. ಮೇಲೆ ಕತ್ತಲು. ನನ್ನ ಗೋಡೆಯ ಮೇಲೆ ಅಷ್ಟು ಚೆಂದ ಕಂಡಿದ್ದ ಗೆರೆ ಇಲ್ಲಿ ಎಲ್ಲರನ್ನೂ ಎರಡು ತುಂಡು ಮಾಡಿತ್ತು. ಹೈ ಬೀಮ್ ಹಾಕು ಎಂದೆ. ಹಾಕಿದ. ಎಲ್ಲರೂ ಒಟ್ಟಿಗೆ ಕೈ ಅಡ್ಡ ಹಿಡಿದು ಮುಖ ತಿರುಗಿಸಿದರು, ಹೆಂಗಸರು ಸೆರಗು ಎಳೆದುಕೊಂಡರು. ಅಷ್ಟು ಬೆಳಕಿನಲ್ಲೂ ಒಂದು ಮುಖವೂ ಕಾಣಲಿಲ್ಲ.

ಇಳಿದು ಮಾತಾಡಿಸಿದೆ. ಮರಿಗೌಡರು ಜೋರು ಮಾತಿನವರಲ್ಲ. "ನಿಮ್ಮನ್ನ ಏನೂ ಅನ್ನಕಿಲ್ಲ ಸ್ವಾಮಿ. ನಮ್ಮ ಮಕ್ಳು ಮನೇಲಿರ್ಲಿ ಬುಡಿ, ಅಷ್ಟೇಯ" ಎಂದರು. ಅವರು ಅತ್ತ ಹೋದ ಮೇಲೆ ಶೋಭಾ ಹತ್ತಿರ ಬಂದು ಸಣ್ಣ ದನಿಯಲ್ಲಿ, ಆದರೆ ಸಿಟ್ಟಿನಲ್ಲೇ ಹೇಳಿದಳು: "ಸಾರ್, ಕೆಲ್ಸ ಬುಟ್ರೆ ಯುಗಾದಿ ಆಗ್ತಿದ್ದಂಗೆ ಮಾವನ ಮಗನ್ಗೆ ಕಟ್ಬುಡ್ತಾರೆ. ನಂಗೆ ಇಷ್ಟ ಇಲ್ಲ. ಏನಾದ್ರೂ ಮಾಡಿ."

ರಾಮನಗರಕ್ಕೆ ವಾಪಸ್ಸು ಬಂದ ಮೇಲೆ ನನಗೆ ಬೇರೆ ಯಾವ ಕೆಲಸವೂ ರುಚಿಸಲಿಲ್ಲ. ಒಂದು ತಗಡು, ಒಂದು ಗೆರೆ, ಒಂದು ಹುಡುಗಿಯ ಮದುವೆ. ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡಿರಬಹುದೆಂದು ಯಾವ ಡಿಪ್ಲೊಮಾದಲ್ಲಿ ಹೇಳಿಕೊಟ್ಟಿದ್ದರು? ಗೆರೆಯನ್ನು ಎಡಗಡೆಗೆ ಸ್ವಲ್ಪ ಏರಿಸಿ ನೋಡಿದೆ. ದೂರದವರ ಮುಖ ಮಸುಕಾಗಿ ಕಂಡಿತು, ಹತ್ತಿರ ಬಂದಾಗ ಮತ್ತೆ ಸೊಂಟಕ್ಕೇ ಇಳಿಯಿತು. ಎರಡೂ ಲೈಟು ಎತ್ತಿದರೆ ಲಾರಿಯವರಿಗೂ ನನಗೂ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಕಡೆಗೆ ಹೆಡ್‌ಲೈಟಿನ ತಂಟೆಗೇ ಹೋಗಬಾರದು ಎಂದು ತೀರ್ಮಾನಿಸಿದೆ. ರಸ್ತೆಗೆ ಒಂದು ಬೆಳಕು, ಮುಖಕ್ಕೆ ಇನ್ನೊಂದು.

ಎಡಗಡೆಯ ಮಡ್‌ಗಾರ್ಡಿನ ಮೇಲೆ ಒಂದು ಸಣ್ಣ ದೀಪ ಕೂರಿಸಿದೆ. ಕಡಿಮೆ ವಾಟಿನ ಹಳದಿ ಬಲ್ಬು, ಮುಂದೆ ಎಮರಿ ಕಾಗದದಲ್ಲಿ ಉಜ್ಜಿ ಮಂಕು ಮಾಡಿದ ಗಾಜು. ರಸ್ತೆ ಬದಿಯಲ್ಲಿ ನಿಂತವರ ಎದೆಯಿಂದ ತಲೆಯವರೆಗೆ ಬೀಳುವ ಹಾಗೆ ಓರೆ ಮಾಡಿದೆ. ಸ್ವಿಚ್ ಮಾತ್ರ ಕೊಡಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದಲ್ಲ, ಆ ವೈರಿನಿಂದಲೇ ಒಂದು ರಿಲೇ ಮೂಲಕ ಇದಕ್ಕೂ ಕನೆಕ್ಷನ್ ಕೊಟ್ಟೆ. ಗಾಡಿ ಪೂರ್ತಿ ನಿಂತು ಹ್ಯಾಂಡ್‌ಬ್ರೇಕ್ ಎಳೆದರೆ ಮಾತ್ರ ದೀಪ ಹತ್ತಬೇಕು. ಓಡುವಾಗ ಯಾರ ಕಣ್ಣಿಗೂ ತೊಂದರೆಯಿಲ್ಲ, ಶಿವಣ್ಣ ಅವಸರದಲ್ಲಿದ್ದರೂ ನಿಲ್ಲದೆ ವಿಧಿಯಿಲ್ಲ.

ಮತ್ತೆ ಒಂದು ಸಂಜೆ ಅದೇ ತಿರುವು. ಶಿವಣ್ಣ ಮನೆಮನೆಗೂ ಹೋಗಿ ಎಲ್ಲರನ್ನೂ ಕರೆದಿದ್ದ. ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿಕೊಂಡು ಗಾಡಿ ತಂದು ನಿಲ್ಲಿಸಿದ, ಹ್ಯಾಂಡ್‌ಬ್ರೇಕ್ ಎಳೆದ. ನಾನು ಅವನ ಪಕ್ಕ ಕೂತಿದ್ದೆ. ಹಳದಿ ಬೆಳಕಿನಲ್ಲಿ ಮುಖಗಳು ಕಂಡವು. ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಶಿವಣ್ಣ ಕಿಟಕಿಯಿಂದ ಒಬ್ಬೊಬ್ಬರ ಹೆಸರು ಕೂಗುತ್ತಾ ಹೋದ.

ಮರಿಗೌಡರಿಗೆ ಅದೂ ಸಾಲಲಿಲ್ಲ. "ಇಳೀಲಾ ಶಿವ" ಎಂದು ಅವನನ್ನು ಇಳಿಸಿ ತಾವೇ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಿದವರಲ್ಲ. ಹೆಂಡತಿಯನ್ನು ದೂರ ನಿಲ್ಲಲು ಹೇಳಿದರು, ಹತ್ತಿರ ಬರಲು ಹೇಳಿದರು, ಟವೆಲ್ ಹೊದ್ದುಕೊಂಡು ನಿಲ್ಲಲು ಹೇಳಿದರು. ಚಿಕ್ಕತಾಯಮ್ಮ "ಮದ್ವೇಲೂ ಇಷ್ಟೊತ್ತು ನೋಡಿರ್ಲಿಲ್ಲ ಈವಯ್ಯ" ಎಂದು ಗೊಣಗಿದ್ದಕ್ಕೆ ಎಲ್ಲರೂ ನಕ್ಕರು. ಮರಿಗೌಡರು ಮಾತ್ರ ನಗಲಿಲ್ಲ. ಬಹಳ ಹೊತ್ತು ನೋಡಿ, "ಕಾಣ್ತದೆ" ಎಂದರು.

ಆಗ ಹಿಂದಿನ ಸೀಟಿನಿಂದ ಶೋಭಾ ಮಾತಾಡಿದಳು. "ಅಪ್ಪ, ಶಿವಣ್ಣ ನೋಡುದ್ರೆ ಸಾಲ್ದು. ಅವತ್ತು ಅಪ್ಪ ಅಂದವ್ಳು ನಾನೇಯ. ಇನ್ಮೇಲೆ ಇಳಿಯೋರೂ ನೋಡ್ಬೇಕು. ನಾನು ಹೂಂ ಅಂದ್ಮೇಲೆ ಬಾಗ್ಲು ತೆಗೀಲಿ."

ಮರಿಗೌಡರು ತಿರುಗಿ ಮಗಳನ್ನು ನೋಡಿದರು. ಆ ಮನುಷ್ಯ ಅಷ್ಟು ಜನರ ಮುಂದೆ ಮಗಳಿಂದ ಕಟ್ಟಳೆ ಹೇಳಿಸಿಕೊಂಡದ್ದು ಅದೇ ಮೊದಲಿರಬೇಕು. ಬೈಯುತ್ತಾರೆ ಎಂದುಕೊಂಡೆ. ಅವರು ಕೆಳಗಿಳಿದು, ಹಿಂದಿನ ಬಾಗಿಲ ಹಿಡಿಯನ್ನು ಹಿಡಿದುಕೊಂಡು, ತೆಗೆಯದೆ ನಿಂತರು. ಅವರು ಏನಕ್ಕೆ ಕಾಯುತ್ತಿದ್ದಾರೆಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಶೋಭಾಗೆ ತಿಳಿಯಿತು. ದೀಪದಲ್ಲಿ ಅಪ್ಪನ ಮುಖ ನೋಡಿ "ಹೂಂ" ಎಂದಳು. ಅವರು ಬಾಗಿಲು ತೆಗೆದರು. ನನ್ನ ಕಣ್ಣು ತುಂಬಿ ಬಂತು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮರುದಿನ ಬೆಳಿಗ್ಗೆ ಶೋಭಾ ಮತ್ತು ಇನ್ನಿಬ್ಬರು ಗಾಡಿ ಹತ್ತಿದರು. ಉಳಿದವರು ಮನಸ್ಸು ಮಾಡಲು ಒಂದಷ್ಟು ದಿನ ಹಿಡಿಯಿತು. ಒಂದಿಬ್ಬರು ಕೊನೆಗೂ ಬರಲಿಲ್ಲ, ಅದು ನನಗೆ ಇವತ್ತಿಗೂ ಬೇಸರವೇ. ಯುಗಾದಿ ಬಂತು, ಹೋಯಿತು, ಶೋಭಾಳ ಮದುವೆಯ ಮಾತು ಯಾರೂ ಎತ್ತಲಿಲ್ಲ ಎಂದು ಶಿವಣ್ಣ ಒಮ್ಮೆ ಸರ್ವಿಸಿಗೆ ಬಂದಾಗ ಹೇಳಿದ.

ಆಮೇಲೆ ಎಷ್ಟೋ ಗಾಡಿಗಳಿಗೆ ಪ್ರೊಜೆಕ್ಟರ್ ಕೂರಿಸಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನನ್ನ ಗೋಡೆ ಹೇಳುವುದು ಬೆಳಕು ಇನ್ನೊಬ್ಬರಿಗೆ ತೊಂದರೆ ಕೊಡುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ. ಈ ಮನುಷ್ಯನಿಗೆ ಏನು ಕಾಣಬೇಕು ಎಂಬುದು ಗೋಡೆಗೆ ಗೊತ್ತಿಲ್ಲ, ಎಷ್ಟೋ ಸಲ ಅದು ಆ ಮನುಷ್ಯನಿಗೂ ಬಾಯಿಬಿಟ್ಟು ಹೇಳುವಷ್ಟು ದೊಡ್ಡ ವಿಷಯ ಅನ್ನಿಸಿರುವುದಿಲ್ಲ. ಹಾಗಾಗಿ ಗಿರಾಕಿಯನ್ನು ನಾನೇ ಕೇಳುತ್ತೇನೆ, "ಕತ್ತಲಾದ ಮೇಲೆ ನಿಮಗೆ ಯಾರು ಕಾಣಬೇಕು?" ಬಹಳ ಜನ ನಗುತ್ತಾರೆ, ರಸ್ತೆ ಕಂಡರೆ ಸಾಕು ಎನ್ನುತ್ತಾರೆ. ನಾನು ಒಂದು ಸಂಜೆ ಅವರ ದಾರಿಯಲ್ಲಿ ಅವರ ಪಕ್ಕ ಕೂತು ಹೋಗಿ ಬಂದ ಮೇಲೆಯೇ ಕೊನೆಯ ಸ್ಕ್ರೂ ಬಿಗಿಯುತ್ತೇನೆ.