ಆಂಡರ್ಸ್‌ನ ಕಲ್ಲಿಗೆ ಅಂಟಿಸಿದ ಚೀಟಿ

ಬಾಲ್ಕನಿಯಲ್ಲಿ ಒಣಗಲಿಟ್ಟ ಬ್ರಷ್ಷಿನಿಂದ ಪಾಚಿಯ ವಾಸನೆ ಬರುತ್ತಿದೆ. ಸ್ಮಶಾನದ ಬ್ರಷ್ ನೋಡಿ, ನನ್ನ ಹೆಂಡತಿ ಶೈಲಾ ಅದನ್ನು ಒಳಗೆ ಬಿಡುವುದಿಲ್ಲ. ಪರದೇಶದ ಈ ಸುಂಡ್‌ಬೀಬರ್ಯ್ ಊರಿನ ಇಷ್ಟಗಲ ಬಾಡಿಗೆ ಫ್ಲ್ಯಾಟಿನಲ್ಲಿ ಮಡಿ-ಮೈಲಿಗೆಗೆಲ್ಲ ಜಾಗವೆಲ್ಲಿ ಸ್ವಾಮಿ ಎಂದು ನೀವು ಕೇಳಬಹುದು. ಬಾಲ್ಕನಿ ಇದೆಯಲ್ಲ!

ನನ್ನನ್ನು ಈ ಕೆಲಸಕ್ಕೆ ಎಳೆದವರು ಕೆಳಗಿನ ಮನೆಯ ಇಂಗಾ. ಎಂಬತ್ತೊಂದರ ನಿವೃತ್ತ ನರ್ಸ್. ಏಳೆಂಟು ಜನರನ್ನು ಕಟ್ಟಿಕೊಂಡು ಪ್ರತಿ ಶನಿವಾರ ಸೈನಿಕರ ಸಮಾಧಿಗಳನ್ನು ತೊಳೆಯುತ್ತಾರೆ. "ಯುದ್ಧವನ್ನೇ ಮಾಡದ ದೇಶದಲ್ಲಿ ಸೈನಿಕರು ಸಾಯೋದೆಲ್ಲಿ?" ಎಂದು ಮೂರು ವರ್ಷದ ಹಿಂದೆ ಮಹಾ ಬುದ್ಧಿವಂತನ ಹಾಗೆ ಕೇಳಿದ್ದೆ. "ಬೇರೆಯವರ ಜಗಳ ಬಿಡಿಸಲು ಹೋಗಿ," ಎಂದರು. ಶಾಂತಿಪಾಲನೆಗೆಂದು ದೂರದೇಶಕ್ಕೆ ಹೋದ ಹುಡುಗರು ಅಲ್ಲೇ ತೀರಿಕೊಂಡಿದ್ದರಂತೆ. ಮುಂದಿನ ಶನಿವಾರ ನಾನೂ ಜೊತೆಗೆ ಹೊರಟೆ.

ಮೊದಲ ದಿನವೇ ಎಡವಟ್ಟು. ದೇವರ ದೀಪ ತಿಕ್ಕಿದ ಅಭ್ಯಾಸ ನೋಡಿ, ಹುಣಸೆಹಣ್ಣು ಒಯ್ದು ಒಂದು ಕಲ್ಲಿನ ಕಂಚಿನ ಅಕ್ಷರಗಳನ್ನು ಫಳಫಳ ಹೊಳೆಸಿಬಿಟ್ಟೆ. ಇಂಗಾ ಹೌಹಾರಿದರು. ಕಂಚನ್ನು ಕಾಯುವ ಆ ಹಸಿರು ಕಿಲುಬನ್ನು ಇವರು ಕಾಪಾಡಿಕೊಂಡು ಬಂದಿದ್ದರು! ಬೈಯಲಿಲ್ಲ. "ನೀರು, ಬ್ರಷ್, ತಾಳ್ಮೆ. ಅಷ್ಟು ಸಾಕು," ಎಂದರು. ಆಮೇಲೆ ಕಲ್ಲಿನ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದರು: "ಆಂಡರ್ಸ್." ಇಪ್ಪತ್ತೆರಡಕ್ಕೇ ಹೋದವನು. ಯಾರಾದರೂ ಅವನನ್ನು ಕರೆದು ಎಷ್ಟು ಕಾಲವಾಗಿತ್ತೋ!

ಹೋದ ವಸಂತದಲ್ಲಿ ಅದೇ ಕಲ್ಲಿಗೆ ಸ್ಮಶಾನದ ಕಚೇರಿಯವರು ಚೀಟಿ ಅಂಟಿಸಿದರು: ಸಂಬಂಧಪಟ್ಟವರು ಬಂದು ಕಾಣಿ. ಇಲ್ಲಿ ಸಮಾಧಿಗೂ ಹೊಣೆ ಹೊರುವವರು ಬೇಕು. ಅವಧಿ ಮುಗಿದ ಮೇಲೆ ಯಾರೂ ಬರದಿದ್ದರೆ ಕಲ್ಲು ತೆಗೆದುಬಿಡುತ್ತಾರೆ. ಇಂಗಾ ಊರೂರಿಗೆ ಕಾಗದ ಬರೆದರು. ನಂಟರೆಂಬುವರು ಒಬ್ಬರೂ ಸಿಗಲಿಲ್ಲ.

"ನನ್ನ ಹೆಸರಲ್ಲಿ ಆಗಲೇ ಮೂವರು ಹುಡುಗರಿದ್ದಾರೆ," ಎಂದರು ಮೊಣಕಾಲು ನೀವಿಕೊಳ್ಳುತ್ತ. "ಇವನನ್ನೂ ನನ್ನ ಹೆಸರಿಗೆ ಬರೆಸಿಕೊಂಡ ಮೇಲೆ ನಾನೇ ಹೊರಟುಬಿಟ್ಟರೆ?" ಮದುವೆಯಾಗದ, ಮಕ್ಕಳಿಲ್ಲದ ಈ ಹೆಂಗಸಿನ ಚಿಂತೆ ನೋಡಿ! ಇಂಥವರ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ, ನುಣುಚಿಕೊಂಡೆ. ಹೊಣೆ ಇಪ್ಪತ್ತೈದು ವರ್ಷದ್ದು, ನನ್ನ ವರ್ಕ್ ಪರ್ಮಿಟ್ಟು ಎರಡು ವರ್ಷದ್ದು.

ಮನೆಗೆ ಬಂದು ಶೈಲಾಗೆ ಹೇಳಿದೆ. "ನಮಗ್ಯಾಕ್ರೀ ಆ ಉಸಾಬರಿ? ಫಸ್ಟ್ ಸ್ನಾನ ಮಾಡಿ," ಎಂದಳು. ಸ್ವಲ್ಪ ಹೊತ್ತಿಗೆ ಬಾತ್‌ರೂಮಿನ ಬಾಗಿಲಾಚೆಯಿಂದ ದನಿ ಬಂತು.

"ಅವನಿಗೆ ಅಮ್ಮ ಇಲ್ವಾ?"

"ಇಲ್ಲ."

"ಅಕ್ಕ, ತಂಗಿ?"

"ಯಾರೂ ಇಲ್ಲ ಕಣೇ."

ಊಟಕ್ಕೆ ಬಡಿಸುವಾಗ, "ಹಾಗಾದ್ರೆ ನೀವೇ ಸೈನ್ ಹಾಕ್ರೀ," ಎಂದಳು.

ನಂಟನಲ್ಲದವನನ್ನು ಕಚೇರಿಯವರು ಒಪ್ಪಲು ತಿಂಗಳುಗಳೇ ಹಿಡಿದವು. ಇವತ್ತು ಬೆಳಿಗ್ಗೆ ಇಂಗಾ, ಶೈಲಾ, ನಾನು ಮೂವರೂ ಕಚೇರಿಗೆ ಹೋಗಿದ್ದೆವು. ನಾನು ಸಹಿ ಹಾಕಿದೆ. ಇಂಗಾ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಷ್ಟರಲ್ಲಿ ಅಲ್ಲಿನ ಹುಡುಗಿ ಕೇಳಿದಳು, "ನೀವು ಈ ದೇಶ ಬಿಟ್ಟು ಹೋದರೆ, ಆಂಡರ್ಸ್ ವಿಚಾರಕ್ಕೆ ಎಲ್ಲಿಗೆ ಬರೆಯಬೇಕು?"

ಶೈಲಾ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಬೆಂಗಳೂರಿನ ತನ್ನ ತವರುಮನೆಯ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದಳು.