ಕೊಳೆಯಲ್ಲದ ಕಪ್ಪು

"ಮಮ್ಮೀ, ಸಾಕು! ಉರೀತದೆ!"

ಬಚ್ಚಲುಮನೆಯಿಂದ ಕೂಗು ಕೇಳಿ ಓಡಿದೆ. ನೋಡಿದರೆ ನಮ್ಮೊಟ್ಟಿಗೇ ಇರುವ ನನ್ನ ತಂಗಿ ಲವೀನಾ ಮಗಳು ರೀಶಾಳ ಕುತ್ತಿಗೆಯನ್ನು ಹೀರೆಕಾಯಿ ನಾರಿನಿಂದ ತಿಕ್ಕುತ್ತಿದ್ದಾಳೆ. ಕಡಲೆಹಿಟ್ಟು, ಲಿಂಬೆರಸ, ಮೇಲಿಂದ ಬಯ್ಗುಳ. ಮರುದಿನ ನೆಂಟರ ಮನೆಯಲ್ಲಿ ರೋಸ್. (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ. ಮೀಯುವುದು ಮದುಮಕ್ಕಳು, ತಪಾಸಣೆ ಮಾತ್ರ ಬಂದ ಹೆಣ್ಣುಮಕ್ಕಳಿಗೆಲ್ಲ!)

"ನೋಡು, ಎಷ್ಟು ತಿಕ್ಕಿದ್ರೂ ಹೋಗುವುದಿಲ್ಲ. ಹದಿನಾರು ವರ್ಷ ಆಯ್ತು, ಸರಿ ಮೀಯಲಿಕ್ಕೆ ಗೊತ್ತಿಲ್ಲ ಇವಳಿಗೆ. ಜನ ಎಂತ ಹೇಳಿಯಾರು?"

ರೀಶಾ ತಲೆ ಬಗ್ಗಿಸಿ ನಿಂತಿದ್ದಳು. ಕುತ್ತಿಗೆಯ ಸುತ್ತ ದಪ್ಪಗಿನ ಕಪ್ಪು ಪಟ್ಟಿ. ಅದರ ಮೇಲೆ ಈಗ ಕೆಂಪು ಗೀರುಗಳು. ಮಂಗಳೂರಿನ ಈ ಸೆಕೆಯಲ್ಲೂ ಹುಡುಗಿ ಕಾಲರ್ ಇರುವ ಟಾಪ್ ಹಾಕಿ, ಕೂದಲು ಬಿಟ್ಟುಕೊಂಡು ಓಡಾಡುತ್ತಿದ್ದುದು ಯಾಕೆಂದು ನನಗೆ ಆಗ ಹೊಳೆಯಿತು. ನಾವೆಲ್ಲ ಅದನ್ನು ಫ್ಯಾಶನ್ ಅಂದುಕೊಂಡಿದ್ದೆವು.

ಸಂಜೆ ಕುಲಶೇಖರದ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿಗೆ ಮೂವರೂ ಹೋದೆವು. ಗೀರಿಗೊಂದು ಮುಲಾಮು ಬರೆಸಿಕೊಂಡು ಬರುವುದಷ್ಟೇ ಪ್ಲಾನ್. ಆದರೆ ಡಾಕ್ಟರಮ್ಮ ಕುತ್ತಿಗೆ ನೋಡಿದವರು ತೂಕ ನೋಡಿದರು, ಸೊಂಟಕ್ಕೆ ಟೇಪ್ ಹಿಡಿದರು.

"ಇದನ್ನು ತಿಕ್ಕಿದ್ದು ಯಾರು?"

ಲವೀನಾ ಮಗಳ ಕಾಲರ್ ಸರಿಮಾಡತೊಡಗಿದಳು. ಮುಖವೇ ಉತ್ತರ ಹೇಳುತ್ತಿತ್ತು.

"ಇದು ಕೊಳೆ ಅಲ್ಲ ಮಾರಾಯ್ರೆ. ಒಳಗೆ ಇನ್ಸುಲಿನ್ ಸರಿ ಕೆಲಸ ಮಾಡದಿದ್ರೆ ಹೊರಗೆ ಚರ್ಮ ಹೀಗೆ ಆಗುವುದುಂಟು. ಒಂದು ಬ್ಲಡ್ ಟೆಸ್ಟ್ ಮಾಡಿಸುವ."

ತಲೆನೋವೆಂದು ಹೇಳಿ ರೀಶಾ ರೋಸ್‌ಗೆ ಬರಲಿಲ್ಲ. ಅದಾದ ಮೇಲೆ ರಿಪೋರ್ಟ್ ಬಂತು, ಮೂವರೂ ಪುನಃ ಕ್ಲಿನಿಕ್ಕಿಗೆ ಹೋದೆವು. ಶುಗರ್ ಗಡಿಯಲ್ಲಿ ನಿಂತಿದೆ. ಯೂರಿಕ್ ಆಸಿಡ್ ಗಡಿ ದಾಟಿದೆ.

"ಯೂರಿಕ್ ಆಸಿಡಾ?" ಲವೀನಾಗೆ ನಂಬಿಕೆಯೇ ಬರಲಿಲ್ಲ. "ಅದು ನಮ್ಮ ಪಪ್ಪನ ಕಾಲಿನ ಹೆಬ್ಬೆರಳು ಊದುವ ಕಾಯಿಲೆ ಅಲ್ವಾ ಡಾಕ್ಟ್ರೆ? ಇವಳಿಗೆ ನೋವು ಎಂತದೂ ಇಲ್ಲ!"

"ನೋವು ಬರುವವರೆಗೆ ಕಾಯುವುದಾ? ಈ ವಯಸ್ಸಲ್ಲಿ ತೂಕ, ಶುಗರ್, ಯೂರಿಕ್ ಆಸಿಡ್ ಹೆಚ್ಚಾಗಿ ಒಟ್ಟಿಗೇ ಏರುವುದು. ಈಗಲೇ ಗೊತ್ತಾದದ್ದು ಒಳ್ಳೆಯದಾಯ್ತು. ಮಾತ್ರೆ ಬೇಡ ಸದ್ಯಕ್ಕೆ." ಮತ್ತೆ ರೀಶಾಳ ಕಡೆ ತಿರುಗಿ ಕೇಳಿದರು, "ದಿನಾ ಎಂತ ಕುಡಿತಿ ಮಗಾ? ನೀರು ಬಿಟ್ಟು?"

ಹುಡುಗಿ ತಡವರಿಸಿದಳು. ಟ್ಯೂಶನ್ ಬಿಟ್ಟ ಮೇಲೆ ಬಸ್‌ಸ್ಟಾಪಿನ ಎದುರಿನ ಅಂಗಡಿಯಲ್ಲಿ ಒಂದು ದೊಡ್ಡ ಗ್ಲಾಸ್ ಮಿಲ್ಕ್‌ಶೇಕ್. ಒಮ್ಮೊಮ್ಮೆ ಕೂಲ್‌ಡ್ರಿಂಕ್.

"ದಿನಾ?" ಲವೀನಾಳ ಸ್ವರ ಏರಿತು. "ನಾಳೆಯಿಂದ ಆ ಅಂಗಡಿ ಬಂದ್!"

ಆಗ ರೀಶಾ ಅತ್ತಳು. "ಫ್ರೆಂಡ್ಸ್ ಒಟ್ಟಿಗೆ ಕೂತುಕೊಳ್ಳುವುದು ಅಲ್ಲಿ ಮಾತ್ರ ಮಮ್ಮಿ. ಬೆಳಿಗ್ಗೆ ಟ್ಯೂಶನ್, ಮತ್ತೆ ಕಾಲೇಜ್, ಸಂಜೆ ಪುನಃ ಟ್ಯೂಶನ್. ನನ್ನದೂಂತ ಇರುವ ಟೈಮ್ ಅಷ್ಟೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಫ್ರೆಂಡ್ಸನ್ನು ಬಿಡಿಸ್ಬೇಡಿ. ಸಕ್ಕರೆ ಬಿಡಿಸಿ. ಮತ್ತೆ ಸ್ವಲ್ಪ ಆಡಲಿಕ್ಕೆ ಬಿಡಿ."

ಮನೆಗೆ ಬಂದ ಮೇಲೆ ಲವೀನಾ ಮಗಳನ್ನು ಕೂರಿಸಿಕೊಂಡು, ಕೂದಲು ಮೇಲೆತ್ತಿ, ಬೆರಳ ತುದಿಯಿಂದ ಮುಲಾಮು ಹಚ್ಚತೊಡಗಿದಳು.

"ತಿಕ್ಕುವಾಗ ತುಂಬಾ ನೋವಾಗ್ತಿತ್ತಾ ಪುತ್ತಾ?"

"ಹೂಂ."

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದಿ?"

"ಕೊಳೆ ಅಂತ ನಾನೂ ನಂಬಿದ್ದೆ ಮಮ್ಮಿ. ನಾನೇ ಗಲೀಜು ಅಂತ."

ಲವೀನಾಳ ಕೈ ನಿಂತಿತು. ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದೆ. ಕೆಲವು ಅಳುವಿಗೆ ಸಾಕ್ಷಿಯಾಗಿ ನಿಲ್ಲಬಾರದು, ಅಲ್ಲವೇ?

ಮರುವಾರವೇ ಲವೀನಾ ಸಂಜೆಯ ಟ್ಯೂಶನ್ ಬಿಡಿಸಿದಳು. "ಮಾರ್ಕ್ಸ್ ಕಡಿಮೆ ಬಂದ್ರೆ?" ಎಂದೆ. "ಬರ್ಲಿ ಮಾರಾಯ್ತಿ, ಅದನ್ನು ಇನ್ನೊಮ್ಮೆ ಬರೆದು ತೆಗೀಬಹುದು" ಎಂದಳು. (ನನ್ನ ತಂಗಿಯ ಬಾಯಲ್ಲಿ ಈ ಮಾತು ಬಂದೀತೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.) ಕೂಲ್‌ಡ್ರಿಂಕ್ ಮನೆಯಲ್ಲಿ ಯಾರಿಗೂ ಇಲ್ಲ; ಒಬ್ಬಳಿಗೆ ಮಾತ್ರ ಪಥ್ಯ ಎಂದರೆ ಅದು ಶಿಕ್ಷೆಯೇ ತಾನೆ? ಗೆಳತಿಯರು ಈಗ ಸಂಜೆ ಅಂಗಳಕ್ಕೇ ಬರುತ್ತಾರೆ. ಶಟಲ್ ಆಡುತ್ತಾರೆ. ಆಡುವುದಕ್ಕಿಂತ ಕಿರುಚುವುದೇ ಹೆಚ್ಚು. ಆಮೇಲೆ ಮೆಟ್ಟಿಲ ಮೇಲೆ ಕೂತು ಉಪ್ಪು ಹಾಕಿದ ಮಜ್ಜಿಗೆ ಕುಡಿದು, ನಮಗೆ ಕೇಳಿಸದ ಹಾಗೆ ಏನೇನೋ ಮಾತಾಡಿಕೊಳ್ಳುತ್ತಾರೆ.

ಮೊನ್ನೆ ಪುನಃ ಟೆಸ್ಟ್ ಆಯಿತು. ಯೂರಿಕ್ ಆಸಿಡ್ ಇಳಿದಿದೆ, ಇನ್ನೂ ಸ್ವಲ್ಪ ಇಳಿಯಬೇಕು. ಶುಗರ್ ಕೂಡ ಹಿಂದೆ ಸರಿದಿದೆ. ಕಪ್ಪು ಮಾತ್ರ ಹಾಗೆಯೇ ಇದೆ. ಅದು ಮಾಸಲು ಸಮಯ ಬೇಕಂತೆ. ಇರಲಿ, ಯಾರಿಗೂ ಅವಸರವಿಲ್ಲ.

ಮಕ್ಕಳಿಗೆ ಮಾರ್ಕ್ಸ್ ಎಷ್ಟು, ರ‍್ಯಾಂಕ್ ಎಷ್ಟು ಎಂದು ದಿನವೂ ಕೇಳುವ ನಾವು, "ನಿನ್ನದು ಅಂತ ದಿನಕ್ಕೆ ಎಷ್ಟು ಹೊತ್ತು ಉಂಟು ಮಗಾ?" ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?