ಕುರ್ಚಿ ಅತ್ತಿಗೆಯ ಎರಡು ಬಟನ್

ನಮ್ಮ ಅತ್ತಿಗೆಯನ್ನು ಬೀದಿಯವರೆಲ್ಲ ಕುರ್ಚಿ ಅತ್ತಿಗೆ ಅಂತಲೇ ಕರೆಯುವುದು. ನಿಜಕ್ಕೂ ಅವರು ಅತ್ತಿಗೆ ಆಗಬೇಕಾದ್ದು ನನಗೊಬ್ಬನಿಗೆ. ಆದರೆ ನಾನು ಹೊತ್ತು ಹೊತ್ತಿಗೆ ಅಂಗಡಿ ಮುಂದೆ ನಿಂತು "ಅತ್ತಿಗೆ, ಕಾಫಿ ಆಯ್ತಾ?" ಎಂದು ಕೂಗಿ ಕೂಗಿ, ಈಗ ಪೋಸ್ಟಿನವನಿಗೂ ಅವರು ಅತ್ತಿಗೆಯೇ. ಕುಸಿದ ಕುರ್ಚಿ, ಹರಿದ ಸೋಫಾಗಳ ಹೊಟ್ಟೆ ಬಿಚ್ಚಿ, ಸ್ಪ್ರಿಂಗ್ ಕಟ್ಟಿ, ನಾರು ತುಂಬಿ, ಹೊಸ ಬಟ್ಟೆ ಹೊದಿಸುವುದು ಅವರ ಕಸುಬು. ಅಣ್ಣನಿಂದ ಕಲಿತದ್ದು, ಅಣ್ಣ ಹೋದಮೇಲೆ ಅಣ್ಣನಿಗಿಂತ ಚೆನ್ನಾಗಿ ಮಾಡಿಕೊಂಡು ಬಂದದ್ದು. ಅವರು ಹೊದಿಸಿದ ಕುರ್ಚಿಯಲ್ಲಿ ಕೂತ ಒಬ್ಬ ನ್ಯಾಯಾಧೀಶರು ತೀರ್ಪು ಓದಿ ಮುಗಿಸಿ, ಕೈದಿ ಶಿಕ್ಷೆ ಅನುಭವಿಸಿ ಮನೆಗೆ ಬಂದರೂ, ಇನ್ನೂ ಎದ್ದಿರಲಿಲ್ಲವಂತೆ. ಇದರಲ್ಲಿ ಸುಳ್ಳಿದ್ದರೂ ಕಾಲುಭಾಗಕ್ಕಿಂತ ಹೆಚ್ಚಿರಲಾರದು.

ಸಣ್ಣ ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು, ಒಂದೊಂದನ್ನೇ ನಾಲಗೆಯಿಂದ ಅಯಸ್ಕಾಂತದ ಸುತ್ತಿಗೆಯ ತುದಿಗೆ ಕೊಡುವುದು ಈ ಕಸುಬಿನ ಪದ್ಧತಿ. ಹಾಗಾಗಿ ಕೆಲಸದ ಹೊತ್ತಿನಲ್ಲಿ ಅತ್ತಿಗೆ ಏನು ಬೈದರೂ ಯಾರಿಗೂ ತಿಳಿಯುವುದಿಲ್ಲ, ಸಂಸಾರ ಸುಖವಾಗಿ ನಡೆಯುತ್ತದೆ. ಕಂಪ್ಯೂಟರ್ ಕೆಲಸಕ್ಕೆ ಬಾಯಲ್ಲಿ ಮೊಳೆ ಬೇಡ. ಆ ಒಂದು ವಾರ ಇಡೀ ಬೀದಿಗೆ ಅವರ ಮಾತು ಒಂದಕ್ಷರ ಬಿಡದೆ ಕೇಳಿಸಿತು.

ಕಂಪ್ಯೂಟರಿಗೂ ಕುರ್ಚಿಗೂ ಏನು ಸಂಬಂಧ ಅಂದರೆ, ಊರಿನ ಗ್ರಂಥಾಲಯ. ಅಲ್ಲಿನ ಕುರ್ಚಿಗಳು ಎಷ್ಟು ಕುಸಿದಿದ್ದವೆಂದರೆ ಓದುವವರ ಗಲ್ಲ ಮೇಜಿಗೆ ತಾಗಿ, ಹಾಳೆ ತಿರುಗಿಸಬೇಕಾದರೆ ಎದ್ದು ನಿಲ್ಲಬೇಕಿತ್ತು. ಅಷ್ಟನ್ನೂ ರಿಪೇರಿ ಮಾಡಿಸಲು ಸಮಿತಿ ಹೊರಟಿತ್ತು. ಅತ್ತಿಗೆಗೆ ಈ ಕೆಲಸ ಬೇಕೇ ಬೇಕಿತ್ತು. ಯಾಕೆಂದರೆ ಈಗಿನ ಕಾಲದಲ್ಲಿ ಕುರ್ಚಿ ಕುಸಿದರೆ ಜನ ಬೀದಿಗೆ ಎಸೆಯುತ್ತಾರೆ. ಅಂಗಡಿಗೆ ಗಿರಾಕಿಗಿಂತ ಬೆಕ್ಕು ಹೆಚ್ಚು ಬರುತ್ತಿತ್ತು. ಮಗಳು ಬಂದು, "ಅಮ್ಮಾ, ಈ ಕೆಲ್ಸಾನೂ ಸಿಗ್ದೇ ಹೋದ್ರೆ ಅಂಗಡಿ ಬಾಗಿಲು ಹಾಕಿ ನಮ್ಮನೆಗೆ ಬಂದ್ಬಿಡಬೇಕು" ಎಂದು ಮಾತು ತೆಗೆದುಕೊಂಡಿದ್ದಳು. ಮಗಳ ಮನೆಗೆ ಹೋಗಲು ಅತ್ತಿಗೆಗೆ ಬೇಸರವಿಲ್ಲ. ಆದರೆ ಆ ಮನೆಯಲ್ಲಿರುವುದು ಸ್ಪಂಜು ತುಂಬಿ ಪಿನ್ನು ಹೊಡೆದ ಸೋಫಾ. ಉಳಿದ ಆಯುಷ್ಯವನ್ನೆಲ್ಲ ಅದರ ಮೇಲೆ ಕೂತು ಕಳೆಯುವುದೆಂದರೆ, ಸಂಗೀತ ವಿದ್ವಾಂಸರನ್ನು ಹಿಡಿದು ಲಾರಿ ಹಾರನ್ನಿನೊಳಗೆ ಬಾಡಿಗೆಗಿಟ್ಟ ಹಾಗೆ.

ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಅಳಿಯ ಅತ್ತಿಗೆಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅದರಲ್ಲಿ ಕುರ್ಚಿಗಳ ಚಿತ್ರಗಳು ಒಂದರ ಕೆಳಗೊಂದು ಸಾಲಾಗಿ ಜೋತುಬಿದ್ದಿದ್ದವು. ಪ್ರತಿ ಕುರ್ಚಿಗೂ ಎರಡು ಚಿತ್ರ: ಅಂಗಡಿಗೆ ಬಂದಾಗಿನ ಅವಸ್ಥೆಯದ್ದು ಒಂದು, ಹೊರಟಾಗಿನ ವೈಭವದ್ದು ಇನ್ನೊಂದು. ಸೋಮವಾರ ಗ್ರಂಥಪಾಲಕರ ಫೋನು ಬಂತು.

"ಅಮ್ಮಾ, ಗುರುವಾರ ಸಭೆ. ನಿಮ್ಮ ಚಿತ್ರಗಳನ್ನ ಉರುಳ್ಸಿ ಉರುಳ್ಸಿ ನಮ್ಮ ಅಧ್ಯಕ್ಷರ ಹೆಬ್ಬೆರಳು ಹಿಡ್ಕೊಂಡಿದೆಯಂತೆ. ಒಂದ್ಸಲಕ್ಕೆ ಒಂದೇ ಚಿತ್ರ ಬರೋ ಹಾಗೆ ಮಾಡ್ಸಿ. ಪಕ್ಕದಲ್ಲಿ 'ಹಿಂದಿನದು', 'ಮುಂದಿನದು' ಅಂತ ಎರಡು ಬಟನ್ ಇಡಿ, ಸಾಕು."

ಅಳಿಯ "ಅದೇನ್ ಮಹಾ ಅತ್ತೆ, ಸಂಜೆಗೇ ಮಾಡ್ತೀನಿ" ಎಂದ. ಆ ಸಂಜೆ ಬಂತು, ಆದರೆ ಅವನು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಅತ್ತಿಗೆ ಮೇಜಿನ ಮೇಲಿದ್ದ ನಾರನ್ನೆಲ್ಲ ಒಂದು ಕಡೆ ತಳ್ಳಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. "ಸ್ಪ್ರಿಂಗ್ ಕಟ್ಟೋ ಕೈಗೆ ಎರಡು ಬಟನ್ ಕಟ್ಟಕ್ಕಾಗಲ್ವಾ?" ಅಂದರು. ಕಲಿಸುವ ವಿಡಿಯೋ ಹಾಕಿಕೊಂಡರು. ವಿಡಿಯೋದವನು ನಕ್ಕಾಗಲೆಲ್ಲ ಇವರಿಗೆ ರೇಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಬಟನ್ ಎರಡೂ ಕಾಣಿಸಿಕೊಂಡವು. ಅತ್ತಿಗೆ 'ಮುಂದಿನದು' ಒತ್ತಿದರು. ಏನೂ ಆಗಲಿಲ್ಲ. ಬೆರಳು ಬದಲಿಸಿ ಒತ್ತಿದರು. ಕನ್ನಡಕ ಹಾಕಿಕೊಂಡು ಒತ್ತಿದರು.

"ಗೋಡೆ ಮೇಲೆ ಬರೆದ ಕದ ಇದ್ದಂಗಿದೆ," ಅಂದೆ ನಾನು. "ಎಷ್ಟು ತಟ್ಟಿದ್ರೂ ಯಾರೂ ತೆಗಿಯಲ್ಲ."

"ನೀನು ಬಾಯಿ ಮುಚ್ಕೊಂಡು ಕಾಫಿ ಕುಡಿ. ಇಲ್ಲಾ ಅಂದ್ರೆ ಲೋಟ ಇಲ್ಲಿಟ್ಟು ನಡಿ."

ಬಟನ್ ಒತ್ತಿದಾಗ ಏನು ಮಾಡಬೇಕೆಂಬ ಅಪ್ಪಣೆಯನ್ನು ಬಟನ್ನಿಗೆ ಕಟ್ಟಿರಲೇ ಇಲ್ಲವೆಂದು ಕೊನೆಗೆ ತಿಳಿಯಿತು. ಕಟ್ಟಿದರು. ಚಿತ್ರ ಮುಂದಕ್ಕೆ ಹೋಯಿತು. ಹೋಗುತ್ತಾ ಹೋಗುತ್ತಾ ಕೊನೆಯ ಚಿತ್ರ ದಾಟಿದ್ದೇ ತಡ, ಪರದೆ ಬೆಳ್ಳಗಾಗಿ ಮೂಲೆಯಲ್ಲಿ ಹರಿದ ಚೀಟಿಯಂಥದ್ದೊಂದು ಗುರುತು ಉಳಿಯಿತು. ಮೊದಲನೇ ಚಿತ್ರದಲ್ಲಿ 'ಹಿಂದಿನದು' ಒತ್ತಿದರೂ ಅದೇ ಪಾಡು. ಅತ್ತಿಗೆ ಅಳಿಯನಿಗೆ ಫೋನು ಹಚ್ಚಿದರು.

"ಅತ್ತೆ, ಕಂಪ್ಯೂಟರ್ ಸೊನ್ನೆಯಿಂದ ಎಣ್ಸುತ್ತೆ. ಕೊನೇದಾದ್ಮೇಲೆ ಸೊನ್ನೆಗೆ ವಾಪಸ್ ಬಾ ಅಂತ ನೀವೇ ಹೇಳ್ಬೇಕು."

"ಸೊನ್ನೆನೇ ಕುರ್ಚಿ ಅಂದ್ರೆ ಕುರ್ಚಿನೇ ಇಲ್ಲ ಅಂತ ಅಲ್ವಾ ಅಳಿಯಂದ್ರೇ? ಯಾವ ಮನೆಹಾಳ ಹೀಗೆ ಎಣ್ಸೋದು ಕಲ್ಸಿದ್ದು ಇದಕ್ಕೆ?"

"ಅತ್ತೆ, ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ..."

ಅಳಿಯನ ಅಂಗಡಿಗೆ ಅತ್ತಿಗೆ ಫೋನು ಮಾಡಿದಾಗಲೇ ಗಿರಾಕಿಗಳು ಬರುತ್ತಿದ್ದರು. ಆ ವಾರ ಅವನ ಲೆಕ್ಕದಲ್ಲಿ ಜಗತ್ತಿನ ಅರ್ಧ ಜನಸಂಖ್ಯೆ ಅವನ ಬಳಿ ಮೊಬೈಲ್ ಕೊಂಡಿದೆ.

ಬುಧವಾರ ಪೂರ್ತಿ ಕೊಸರಾಟ. ಒಮ್ಮೆ ಎರಡು ಬಟನ್ನೂ ಒಂದೇ ಕಡೆಗೆ ಓಡಿದವು. ಒಮ್ಮೆ ಒಂದು ಒತ್ತಿಗೆ ಎರಡು ಚಿತ್ರ ಹಾರಿದವು. ಸರಿಯಾಯಿತು ಅನ್ನುವಾಗ ಬಟನ್ ಬಂದು ಕುರ್ಚಿಯ ಕೈ ಮೇಲೇ ಕೂತಿತು. ಅದನ್ನು ಆಚೆ ತಳ್ಳಿದರೆ ಚಿತ್ರ ಅಗಲವಾಗಿ, ಒಬ್ಬರು ಕೂರುವ ಕುರ್ಚಿ ಕುಟುಂಬ ಸಮೇತ ಕೂರುವ ಬೆಂಚಾಯಿತು. ಅತ್ತಿಗೆ ತಲೆ ಕೆರೆದುಕೊಂಡ ರಭಸಕ್ಕೆ ಅಂಗಡಿಯಲ್ಲಿದ್ದ ನಾರಿಗೂ ತಲೆಕೂದಲಿಗೂ ವ್ಯತ್ಯಾಸ ಉಳಿಯಲಿಲ್ಲ. ಸಂಜೆಗೆ ಎಲ್ಲ ಸರಿಹೋಯಿತು. ಕೊನೆಯ ಚಿತ್ರದಿಂದ ಮೊದಲನೆಯದಕ್ಕೆ, ಮೊದಲನೆಯದರಿಂದ ಕೊನೆಯದಕ್ಕೆ ನೀಟಾಗಿ ಸುತ್ತು ಹೊಡೆಯಿತು. ನಾನೂ ಒತ್ತಿ ನೋಡಿ, "ಬೆಣ್ಣೆಯಿಂದ ಕೂದಲು ಎಳೆದಂಗಿದೆ ಅತ್ತಿಗೆ" ಎಂದು ಸರ್ಟಿಫಿಕೇಟು ಕೊಟ್ಟೆ. ಕಾಫಿಗೆ ಅಂದು ಸಕ್ಕರೆ ಜಾಸ್ತಿ ಬಿತ್ತು.

ಗುರುವಾರ ಸಭೆಯ ನಡುವೆಯೇ ಗ್ರಂಥಪಾಲಕರ ಫೋನು. ದನಿ ತಗ್ಗಿಸಿಕೊಂಡಿದ್ದರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಅಧ್ಯಕ್ಷರು ಕೇಳ್ತಿದಾರೆ, ನೀವು ಕುರ್ಚಿ ರಿಪೇರಿ ಮಾಡ್ತೀರೋ, ಮುರೀತೀರೋ ಅಂತ."

"ಏನಂದ್ರಿ?"

"ಮೊದ್ಲನೇ ಚಿತ್ರದಲ್ಲಿ ರಾಜರು ಕೂರೋಂಥ ಕುರ್ಚಿ ಇದೆ. 'ಮುಂದಿನದು' ಒತ್ತಿದ್ರೆ ಅದೇ ಕುರ್ಚಿ ಕರುಳು ಕಿತ್ತು ಬಿದ್ದಿದೆ. ಎಲ್ಲಾ ಕುರ್ಚಿಗೂ ಇದೇ ಗತಿಯಾಗಿದೆ."

ಹೊಸ ಚಿತ್ರ ಮೊದಲು, ಹಳೆಯದು ಆಮೇಲೆ ಬರುವಂತೆ ಜೋಡಿಸುವುದು ಆ ಪುಟದ ಸ್ವಭಾವ. ಹಾಗಾಗಿ ರಿಪೇರಿಯಾದ ಚಿತ್ರ ಮುಂದೆ, ಮುರಿದದ್ದು ಹಿಂದೆ. ಇದು ಎರಡು ದಿನವೂ ಅತ್ತಿಗೆಯ ಕಣ್ಣೆದುರಿಗೇ ಇತ್ತು, ಆದರೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅವರ ಕಸುಬಿನಲ್ಲಿ ಯಾವ ಕುರ್ಚಿಯನ್ನಾದರೂ ನೋಡುವುದೇ ಹೊರಗಿನಿಂದ ಒಳಕ್ಕೆ. ಕೊನೆಗೆ ಹೊಡೆದ ಮೊಳೆಯನ್ನು ಮೊದಲು ಕೀಳಬೇಕು. ಮೊದಲು ಬಟ್ಟೆ, ಆಮೇಲೆ ನಾರು, ಕಡೆಗೆ ಮುರುಕು ಸ್ಪ್ರಿಂಗು. ನೆಟ್ಟಗಿದ್ದದ್ದು ಮೊದಲು, ಹೊಟ್ಟೆ ಬಿಚ್ಚಿದ್ದು ಆಮೇಲೆ ಬಂದರೆ ಅವರಿಗೆ ಅದೇ ಸರಿಯಾದ ಕ್ರಮ. ಇನ್ನು ನಾನು ನೋಡಿದ್ದು ಬಟನ್ನುಗಳನ್ನು. ಕುರ್ಚಿಗಳನ್ನು ಯಾರು ನೋಡಿದರು?

ಅತ್ತಿಗೆ ಅವುಡುಗಚ್ಚಿ ಕೂತು ಚಿತ್ರಗಳ ಸಾಲನ್ನೇ ತಿರುಗಿಸಿದರು. ಕಷ್ಟಪಟ್ಟ ಕೈಗೆ ಅದು ಬೇಗನೇ ಒಲಿಯಿತು. "ಈಗ ನೋಡಿ" ಎಂದು ಫೋನು ಮಾಡಿದರೆ ಆ ಕಡೆಯಿಂದ, "ಹಳೇದೇ ಬರ್ತಿದೆ ಅಮ್ಮಾ. ಕಂಪ್ಯೂಟರ್ ಆರಿಸಿ ಹಾಕಿದ್ರೂ ಹಳೇದೇ. ಅಧ್ಯಕ್ಷರು ಗಡಿಯಾರ ನೋಡ್ತಿದಾರೆ." ಮೊದಲು ತೆರೆದ ಪುಟವನ್ನೇ ಅವರ ಕಂಪ್ಯೂಟರ್ ನೆನಪಿಟ್ಟುಕೊಂಡು ತೋರಿಸುತ್ತಿತ್ತೆಂದು ಅಳಿಯ ಆಮೇಲೆ ಹೇಳಿದ.

ಅತ್ತಿಗೆ ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿ, ಅಂಗಡಿಗೆ ಬೀಗವನ್ನೂ ಹಾಕದೆ ಹೊರಟರು. ಹಿಂದೆ ನಾನು. ಅವರು ನಡೆದ ವೇಗಕ್ಕೆ ಬಸ್ಸೊಂದು ನಾಚಿಕೊಂಡು ಪಕ್ಕಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಭೆಯ ಕೋಣೆಯಲ್ಲಿ ಅಧ್ಯಕ್ಷರು ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ 'ಮುಂದಿನದು' ಒತ್ತಿದರು. ಮುರುಕು ಕುರ್ಚಿ ಹೋಗಿ ಹೊಸದು ಬಂತು. ಮತ್ತೊಂದು ಮುರುಕು, ಮತ್ತೊಂದು ಹೊಸದು. ಅವರು ಕನ್ನಡಕ ತೆಗೆದರು.

"ಚೆನ್ನಾಗಿದೆ ತಾಯಿ. ಆದ್ರೆ ನಮ್ಮ ಕಂಪ್ಯೂಟರಲ್ಲಿ ಒಂದು ಥರ, ನಿಮ್ಮದ್ರಲ್ಲಿ ಒಂದು ಥರ. ಯಾವ್ದನ್ನ ನಂಬೋಣ?"

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಧ್ಯಕ್ಷರು, "ಮುಂದಿನ ಸಭೇಲಿ ನೋಡೋಣ ಬಿಡಿ" ಎಂದು ಕಾಗದಗಳನ್ನು ಜೋಡಿಸತೊಡಗಿದರು.

"ಎರಡನ್ನೂ ನಂಬಬೇಡಿ," ಅಂದರು ಅತ್ತಿಗೆ. "ಇಲ್ಲಿರೋದ್ರಲ್ಲಿ ತೀರಾ ಹಾಳಾಗಿರೋ ಕುರ್ಚಿ ಒಂದು ಕೊಡಿ. ಮುಂದಿನ ಸಭೇಲಿ ಅದರ ಮೇಲೆ ಕೂತ್ಕೊಂಡೇ ತೀರ್ಮಾನ ಮಾಡಿ."

ಎಲ್ಲರ ಕಣ್ಣೂ ಅಧ್ಯಕ್ಷರು ಕೂತಿದ್ದ ಕಡೆಗೇ ಹರಿದವು. ಗ್ರಂಥಪಾಲಕರು ಕೆಮ್ಮಿ, "ತೀರಾ ಹಾಳಾಗಿರೋದು ಅಂದ್ರೆ... ಸಾರ್, ಸ್ವಲ್ಪ ಏಳ್ತೀರಾ?" ಎಂದರು.

ಅಧ್ಯಕ್ಷರು ಎದ್ದರು. ಕುರ್ಚಿ ಏಳಲಿಲ್ಲ, ಅವರ ಆಕಾರವನ್ನೇ ಹಿಡಿದುಕೊಂಡು ಹಾಗೇ ಕೂತಿತ್ತು.

ಆ ಕುರ್ಚಿಯೊಂದಿಗೆ ಬೀದಿಗೆ ಬಂದಮೇಲೆ ಅತ್ತಿಗೆ ನನ್ನ ಮೇಲೆ ಹರಿಹಾಯ್ದರು. "ಎರಡು ದಿನ ಕಾಫಿ ಹೀರ್ಕೊಂಡು ಕೂತಿದ್ಯಲ್ಲ, ತಲೆಕೆಳಗಾಗಿದೆ ಅತ್ತಿಗೆ ಅಂತ ಒಂದು ಮಾತು ಅನ್ನಬಾರ್ದಿತ್ತಾ? ಹಿಡ್ಕೋ ಆ ಕಾಲು. ಅದಲ್ಲ, ಹಿಂದಿನದು!"

ಹಿಡಿದುಕೊಂಡೆ. ಅರ್ಧ ದಾರಿಯಲ್ಲಿ ಅವರಿಗೆ ದಮ್ಮು ಕಟ್ಟಿ, ಕುರ್ಚಿಯನ್ನು ಹಾದಿ ಬದಿಗಿಟ್ಟು ಅದರ ಮೇಲೇ ಕೂತರು. ಕೂತವರು ಸೊಂಟದವರೆಗೂ ಒಳಗಿಳಿದರು. ಹೋಗಿ ಬರುವವರು ನಿಂತು ನೋಡುತ್ತಿದ್ದರು. ಅತ್ತಿಗೆ ಯಾರನ್ನೂ ಲೆಕ್ಕಿಸದೆ ಕೆಳಗೆ ಕೈ ಹಾಕಿ ತಡಕಿದರು.

"ನಡುವಿನ ಸ್ಪ್ರಿಂಗ್ ಒಂದೂ ಇಲ್ಲ ಕಣೋ," ಅಂದರು. "ಸ್ಪ್ರಿಂಗ್ ಹೊರೋ ಅಡಿಯ ಪಟ್ಟಿನೂ ಕೊಳ್ತು ಹೋಗಿದೆ. ಪೂರ್ತಿ ಬಿಚ್ಚಬೇಕು."

ವಾರವಿಡೀ ಗಂಟಿಕ್ಕಿದ್ದ ಹುಬ್ಬು ಆಗ ಸಡಿಲವಾಯಿತು.